ಐದನೇ ಸೆಮಿಸ್ಟರಿನಲ್ಲೇ ಶುರುವಾಗಬೇಕಾದ ಕೆಲಸ



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಐತಿಹಾಸಿಕ ಘಟನೆಯನ್ನೋ ಕುರಿತು ಮಾತಾಡುವುದು ನಮ್ಮ ಕಡೆಯ ರೂಢಿ. ಸಂಘಟಕರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ಎದುರಿಗೆ ಕೂಡುವವರಲ್ಲಿ ಹೆಚ್ಚಿನವರು ಪದವಿಯ ಕೊನೆಯ ವರ್ಷದವರೆಂದು ತಿಳಿದ ಮೇಲೆ ಬೇರೆ ವಿಷಯ ಹುಡುಕಬೇಕೆಂದು ಅನ್ನಿಸಲಿಲ್ಲ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಗಿಸಿ ಮುಂದೆ ಓದಬಯಸುವವರು ಸ್ನಾತಕೋತ್ತರ ಅಧ್ಯಯನಕ್ಕೆ, ಅದರಾಚೆ ಸಂಶೋಧನೆಗೆ ಹೇಗೆ ಸಿದ್ಧರಾಗಬೇಕು, ಅರ್ಜಿ ಹೇಗೆ ಹಾಕಬೇಕು ಎಂಬುದೇ ಇವತ್ತಿನ ಮಾತು.

ಈ ಮಾತಿಗೆ ಒಂದು ಕಾರಣವಿದೆ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ, ಜುಲೈ–ಆಗಸ್ಟಿನ ಹೊತ್ತಿಗೆ, ಮಕ್ಕಳು ಬಂದು ಕೇಳುತ್ತಾರೆ: ‘ಸರ್, ಡಿಗ್ರಿ ಮುಗೀತ್ರಿ. ಮುಂದ ಏನ್ ಮಾಡ್ಲಿ?’ ಕೇಳುವವರು ಬುದ್ಧಿವಂತರು, ಅಂಕಗಳೂ ಚೆನ್ನಾಗಿರುತ್ತವೆ. ಆದರೆ ಅಷ್ಟೊತ್ತಿಗೆ ಐಐಟಿಗಳ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಮುಗಿದು ಐದು ತಿಂಗಳಾಗಿರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪರೀಕ್ಷೆ ಮಾರ್ಚಿನಲ್ಲೇ ಆಗಿಹೋಗಿರುತ್ತದೆ. ಉಳಿದ ಒಂದೋ ಎರಡೋ ದಾರಿಯಲ್ಲಿ ಯಾವುದು ಸಿಕ್ಕರೆ ಅದಕ್ಕೆ ಹೋಗುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಮ್ಮ ನಾಲ್ಕು ತಾಲೂಕುಗಳ ಮಕ್ಕಳಿಗೆ ಯೋಗ್ಯತೆಯ ಕೊರತೆ ಇಲ್ಲ. ತಿಳಿಯಬೇಕಾದದ್ದು ಒಂದು ವರ್ಷ ತಡವಾಗಿ ತಿಳಿಯುತ್ತದೆ, ಅಷ್ಟೇ. ಆ ಒಂದು ವರ್ಷವನ್ನು ಉಳಿಸಿಕೊಡಬೇಕೆಂಬುದೇ ನನ್ನ ಉದ್ದೇಶ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಏನು ಓದಬೇಕು ಎಂಬುದು ಮೊದಲನೆಯದು. ಅದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಆಮೇಲೆ ಪರೀಕ್ಷೆ ಮತ್ತು ಕಾಗದಪತ್ರ. ಮೂರನೆಯದು ಬರವಣಿಗೆ. ಕೊನೆಗೆ ಹಣ ಮತ್ತು ಮನೆ.

ಮೊದಲ ಭಾಗಕ್ಕೆ ಬರುತ್ತೇನೆ.

ಇಂಡಿ ತಾಲೂಕಿನ ಭೀಮಾ ದಂಡೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು ವಿಜಯಪುರದಲ್ಲಿ ಹೈಸ್ಕೂಲು ಓದಿದರು, ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು, ಅಲ್ಲಿಂದ ಲಂಡನ್ನಿಗೆ ಹೋಗಿ ಸಂಸ್ಕೃತ ಅಧ್ಯಯನ ಮಾಡಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. ನಾಟಕಕಾರ ಶ್ರೀರಂಗ ಎಂದು ಕನ್ನಡಿಗರು ಅವರನ್ನು ಬಲ್ಲರು. ಅವರು ಊರು ಬಿಟ್ಟ ಕಾಲಕ್ಕೆ ಈ ಭಾಗದಲ್ಲಿ ಒಂದು ವಿಶ್ವವಿದ್ಯಾಲಯವೂ ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೇ 1949ರಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಬಂತು. ಅದಾದ ಮೇಲೆ ಸಿಂದಗಿ ತಾಲೂಕಿನ ಇನ್ನೊಬ್ಬ ಹುಡುಗ ಯರಗಲ್ಲ, ಸಿಂದಗಿ, ವಿಜಯಪುರಗಳಲ್ಲಿ ಓದಿ ಧಾರವಾಡ ಸೇರಿ 1962ರಲ್ಲಿ ಕನ್ನಡ ಎಂ.ಎ. ಮುಗಿಸಿದ. ‘ಕವಿರಾಜಮಾರ್ಗ’ದ ಪರಿಸರದ ಕನ್ನಡ ಸಾಹಿತ್ಯವನ್ನು ಕುರಿತು ಪಿಎಚ್.ಡಿ. ಮಾಡಿದ. ಶಾಸನ, ವಚನ, ಹಸ್ತಪ್ರತಿಗಳಲ್ಲಿ ಬದುಕನ್ನೇ ಕಳೆದ ಆ ವಿದ್ವಾಂಸರು ಡಾ. ಎಂ.ಎಂ. ಕಲಬುರ್ಗಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಸಂಶೋಧನೆಗೆ ಎಂಥ ಬೆಲೆ ತೆರಬೇಕಾಗಬಹುದೆಂಬುದನ್ನು ಈ ತಾಲೂಕಿನವರಿಗೆ ಬೇರೆಯವರು ಹೇಳಬೇಕಿಲ್ಲ.

ಇವರನ್ನು ನೆನೆಯುವುದು ಹೆಮ್ಮೆಗೆಂದಷ್ಟೇ ಅಲ್ಲ. ಊರಿಂದ ಹೊರಟ ಇವರ ಹತ್ತಿರ ಒಂದು ಹಸಿವು ಇತ್ತು, ತಿಳಿಯಲೇಬೇಕಾದ ಒಂದು ಸಂಗತಿ ಇತ್ತು. ಸ್ನಾತಕೋತ್ತರ ಅಧ್ಯಯನಕ್ಕೆ ಹೋಗುವವರನ್ನು ನಾನು ಮೊದಲು ಕೇಳುವುದು ಇದನ್ನೇ: ‘ತಮ್ಮಾ, ತಂಗೀ, ನಿನಗೆ ಏನು ತಿಳಿಯಬೇಕಾಗಿದೆ?’ ‘ಎಂ.ಎ. ಮಾಡಿದ್ರ ಲೆಕ್ಚರರ್ ಆಗಬಹುದ್ರಿ’ ಎಂಬ ಉತ್ತರ ಬರುತ್ತದೆ. ನೌಕರಿಯ ಆಸೆ ತಪ್ಪಲ್ಲ. ಆದರೆ ಎರಡು ವರ್ಷ ಒಂದೇ ವಿಷಯದ ಜೊತೆ ಇರಬೇಕು, ಪಿಎಚ್.ಡಿ. ಎಂದರೆ ಇನ್ನೂ ನಾಲ್ಕೈದು ವರ್ಷ; ಅಷ್ಟು ಕಾಲ ಬೆಳಗ್ಗೆ ಎದ್ದು ಪುಸ್ತಕ ಹಿಡಿಯುವುದಕ್ಕೆ ನೌಕರಿಯ ಆಸೆಯೊಂದೇ ಸಾಲದು. ಶಿಕ್ಷಕ ವೃತ್ತಿಯೇ ಬೇಕೆಂದು ಮನಸ್ಸು ಗಟ್ಟಿಯಾಗಿದ್ದರೆ ಬಿ.ಎಡ್. ಮಾಡಿ, ಅದು ಗೌರವದ ದಾರಿ, ಅದನ್ನು ಸೋತವರ ದಾರಿ ಎಂದು ಯಾರೂ ಹೇಳಬಾರದು.

ಹಾಗಾದರೆ ಪ್ರಶ್ನೆ ಎಲ್ಲಿಂದ ತರುವುದು? ನಿಮ್ಮ ಹೊಲದ ಬದುವಿನಿಂದಲೇ ತರಬಹುದು. ಇಂಡಿಯ ಲಿಂಬೆಯನ್ನು ನೋಡಿ. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ ಬಂತು. ಜಿಐ ಬಂದ ಮೇಲೆ ರೈತನ ಕೈಗೆ ಬರುವ ದರದಲ್ಲಿ ವ್ಯತ್ಯಾಸ ಆಗಿದೆಯೇ? ಬೇಸಿಗೆಯಲ್ಲಿ ಬಂಗಾರದ ಬೆಲೆಗೆ ಹೋಗುವ ಕಾಯಿ ಮಳೆಗಾಲದಲ್ಲಿ ಕೀಳುವ ಕೂಲಿಯನ್ನೂ ಹುಟ್ಟಿಸದಿರುವುದು ಯಾಕೆ? ಇದು ಅರ್ಥಶಾಸ್ತ್ರದ ವಿದ್ಯಾರ್ಥಿಯ ಪ್ರಶ್ನೆ. ಎಲೆಯ ಮೇಲೆ, ಕಾಯಿಯ ಮೇಲೆ ಏಳುವ ಕಜ್ಜಿ ರೋಗದ ಬ್ಯಾಕ್ಟೀರಿಯಾ ಸಸ್ಯಶಾಸ್ತ್ರದವರ, ಸೂಕ್ಷ್ಮಜೀವಶಾಸ್ತ್ರದವರ ಪ್ರಶ್ನೆ. ಕೊಳವೆಬಾವಿಯ ನೀರು ವರ್ಷ ವರ್ಷಕ್ಕೂ ಕೆಳಗಿಳಿಯುವುದು ಭೂವಿಜ್ಞಾನ, ಭೂಗೋಳದವರದ್ದು. ಒಂದೇ ತೋಟದಲ್ಲಿ ಐದು ವಿಭಾಗಗಳಿಗೆ ಕೆಲಸವಿದೆ.

ಬಸವನ ಬಾಗೇವಾಡಿಯ ಕಡೆಯವರಿಗೆ ಆಲಮಟ್ಟಿ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು ಅದು. 519.60 ಮೀಟರಿನಿಂದ 524.256 ಮೀಟರಿಗೆ ನೀರು ನಿಲ್ಲಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಈ ನಾಲ್ಕೂವರೆ ಮೀಟರಿನಲ್ಲಿ ಎಷ್ಟು ಊರುಗಳ ಹಣೆಬರಹ ಅಡಗಿದೆ ಎಂಬುದನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲೇ ಕೇಳಿ ಬೆಳೆದಿದ್ದೀರಿ. ಹಳೆಯ ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದ ಅಜ್ಜಿಗೆ ಹೊಸ ಊರಿನಲ್ಲಿ ಓಣಿಯ ಹೆಸರು ಯಾವುದು, ಜಾತ್ರೆ ಎಲ್ಲಿ ನಡೆಯುತ್ತದೆ, ಪರಿಹಾರದ ಹಣ ಎಷ್ಟು ವರ್ಷ ಉಳಿಯಿತು? ಸಮಾಜಶಾಸ್ತ್ರದ ದೊಡ್ಡ ದೊಡ್ಡ ವಿಭಾಗಗಳವರು ಇಂಥ ಮಾತು ಕೇಳಲು ದೂರದಿಂದ ಬಂದು ದುಭಾಷಿ ಹಿಡಿದು ತಿರುಗಬೇಕಾಗುತ್ತದೆ. ನಿಮಗೆ ಪಡಸಾಲೆಗೆ ಬಂದು ಕೂತರೆ ಸಾಕು. ಅಲ್ಲೇ ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವೂ ಇದೆ. ರಸಾಯನಶಾಸ್ತ್ರದವರು ಅದರ ಹಾರುಬೂದಿಯ ಕಡೆಗೆ ಕಣ್ಣು ಹಾಯಿಸಬೇಕು.

ಮುದ್ದೇಬಿಹಾಳದವರಿಗೆ ಇತಿಹಾಸ ಕಾಲಡಿಯಲ್ಲೇ ಇದೆ. 1565ರ ಯುದ್ಧವನ್ನು ತಾಳಿಕೋಟಿ ಯುದ್ಧ ಎನ್ನುತ್ತೇವೆ, ರಕ್ಕಸ–ತಂಗಡಗಿ ಯುದ್ಧ ಎಂದೂ ಎನ್ನುತ್ತೇವೆ. ಅದು ನಡೆದ ಜಾಗ ಇಂಥದ್ದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರಕ್ಕಸಗಿ, ತಂಗಡಗಿಗಳ ಹೊಳೆದಂಡೆಯಲ್ಲಿ ಎಮ್ಮೆ ಮೇಯಿಸಿದವನಿಗೆ ಕೃಷ್ಣೆ ಎಲ್ಲಿ ಆಳ, ಯಾವ ತಿಂಗಳಲ್ಲಿ ಎಲ್ಲಿ ದಾಟಬಹುದು ಎಂಬುದು ಗೊತ್ತಿರುತ್ತದೆ. ಇದು ಜ್ಞಾನ. ಇದರ ಜೊತೆ ಫಾರ್ಸಿ ಆಕರಗಳನ್ನು ಓದುವ ಶಕ್ತಿ ಸೇರಿದರೆ ಸಂಶೋಧನೆಯಾಗುತ್ತದೆ. ಫಾರ್ಸಿ ಇತಿಹಾಸಕಾರ ಫರಿಶ್ತಾ ತನ್ನ ಇತಿಹಾಸವನ್ನು ಬರೆದದ್ದು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ನಮ್ಮ ಜಿಲ್ಲಾ ಕೇಂದ್ರ ವಿಜಯಪುರದಲ್ಲೇ.

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು. ‘ನಾವು ಕನ್ನಡ ಮೀಡಿಯಂ ರೀ’ ಎಂದು ತಲೆ ತಗ್ಗಿಸಿ ಹೇಳುವ ಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಗೆ ಆದಿಲ್‌ಶಾಹಿ ಕಾಲದ ದಖನಿ ಕಾವ್ಯದ ಬಾಗಿಲು ಅರ್ಧ ತೆರೆದೇ ಇದೆ. ಇಂಡಿ, ಚಡಚಣದ ಗಡಿಯವರಿಗೆ ಮರಾಠಿ ತಿಳಿಯುತ್ತದೆ. ಮರಾಠರ ಕಾಲದ ಮೋಡಿ ದಾಖಲೆಗಳನ್ನು ಓದುವವರು ಇಡೀ ರಾಜ್ಯದಲ್ಲೇ ವಿರಳ. ತಾಂಡಾದ ಮಕ್ಕಳಿಗೆ ಲಂಬಾಣಿ ಭಾಷೆ ಬರುತ್ತದೆ. ಭಾಷಾವಿಜ್ಞಾನದ ವಿಭಾಗದಲ್ಲಿ ಅದೊಂದು ದೊಡ್ಡ ಬಂಡವಾಳ. ಎರಡು ಮೂರು ಭಾಷೆಗಳಲ್ಲಿ ಬೆಳೆದವರು ನಾವು ಹಿಂದುಳಿದವರೆಂದು ಯಾಕೆ ತಿಳಿಯಬೇಕು? ಇಂಗ್ಲಿಷಿನ ಅಗತ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಹಲಸಂಗಿ ಗೆಳೆಯರನ್ನು ಹೆಸರಿಸದೆ ಈ ಭಾಗ ಮುಗಿಸಲಾರೆ. ಅವರಲ್ಲಿ ಒಬ್ಬರಾದ ಮಧುರಚೆನ್ನರು ಮುಲ್ಕಿ ಪರೀಕ್ಷೆ ಮುಗಿಸಿದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹಳ್ಳಿಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದುದನ್ನು ಆ ಗೆಳೆಯರು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಈಗ ಜಾನಪದವನ್ನು ಎಂ.ಎ. ತರಗತಿಗಳಲ್ಲಿ ಕಲಿಸುವಾಗ ಅವರ ಸಂಗ್ರಹಗಳೇ ಪಠ್ಯ.

ಮುಂದಿನ ಭಾಗ ಪರೀಕ್ಷೆ ಮತ್ತು ಕಾಗದಪತ್ರ. ಇಲ್ಲಿ ಸ್ವಲ್ಪ ಬೇಗ ಬೇಗ ಹೋಗುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಆಚೀಚೆ ಆಗುತ್ತವೆ, ಅಧಿಸೂಚನೆ ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ವಿಜ್ಞಾನದವರಿಗೆ ಮೊದಲು ಬರುವುದು ಜ್ಯಾಮ್. ಐಐಟಿಗಳ ಎಂ.ಎಸ್ಸಿ.ಗೆ ಇದೇ ಬಾಗಿಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕೋರ್ಸುಗಳಿಗೂ ಇದೇ ಅಂಕ ಬೇಕು. ಅರ್ಜಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಅಂದರೆ ನೀವು ಐದನೇ ಸೆಮಿಸ್ಟರಿನಲ್ಲಿ ಇರುವಾಗಲೇ ಅರ್ಜಿ ಹೋಗಿರಬೇಕು. ಮೂರು ತಾಸಿನಲ್ಲಿ 60 ಪ್ರಶ್ನೆ, 100 ಅಂಕ. ಒಂದೇ ಸರಿ ಉತ್ತರವಿರುವ ಪ್ರಶ್ನೆಗಳಲ್ಲಿ ತಪ್ಪಿದರೆ ಅಂಕ ಕಳೆಯುತ್ತಾರೆ. ಸಂಖ್ಯೆಯನ್ನು ತಾವೇ ಬರೆಯಬೇಕಾದ ಪ್ರಶ್ನೆಗಳಲ್ಲಿ ಕಳೆಯುವುದಿಲ್ಲ. ಲೆಕ್ಕವನ್ನು ಕೊನೆಯ ಸಾಲಿನವರೆಗೆ ಬಿಡಿಸುವ ಅಭ್ಯಾಸ ಇರುವವರಿಗೆ ಈ ಎರಡನೆಯ ಬಗೆಯ ಪ್ರಶ್ನೆಗಳು ಅನುಕೂಲ. ಗೈಡ್ ಬಿಟ್ಟು ಪಠ್ಯಪುಸ್ತಕ ಓದಿದವರಿಗೂ ಅನುಕೂಲ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ–ಪಿಜಿ ಇದೆ. ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ನಮಗೆ ಹತ್ತಿರದ್ದು. ಅದೇ ಅಂಕದ ಮೇಲೆ ಹೈದರಾಬಾದಿಗೂ ದೆಹಲಿಗೂ ಹೋಗಬಹುದು. 75 ಪ್ರಶ್ನೆಗಳಿರುತ್ತವೆ, ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಮ್ಮ ಬಿ.ಎ. ಮಕ್ಕಳು ಮುಗ್ಗರಿಸುವುದು ಇಲ್ಲಿಯೇ. ವಿಷಯ ಗೊತ್ತಿರುತ್ತದೆ, ‘ಸಾರ್ವಭೌಮತ್ವ’ಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂಬುದು ಗೊತ್ತಿರುವುದಿಲ್ಲ. ಅದಕ್ಕೆ ಪರಿಹಾರ ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲ. ನಿಮ್ಮ ವಿಷಯದ ಪಾರಿಭಾಷಿಕ ಪದಗಳನ್ನು ಒಂದು ನೋಟ್‌ಬುಕ್ಕಿನ ಎಡಕ್ಕೆ ಕನ್ನಡದಲ್ಲಿ, ಬಲಕ್ಕೆ ಇಂಗ್ಲಿಷಿನಲ್ಲಿ ದಿನಕ್ಕೆ ಹತ್ತರಂತೆ ಬರೆಯುತ್ತಾ ಹೋಗಿ. ನಾಲ್ಕನೇ ಸೆಮಿಸ್ಟರಿನಲ್ಲಿ ಶುರು ಮಾಡಿದರೆ ಪರೀಕ್ಷೆಯ ಹೊತ್ತಿಗೆ ಒಂದು ಇಡೀ ಪಠ್ಯಪುಸ್ತಕವನ್ನು ನಿಘಂಟಿಲ್ಲದೆ ಓದಬಲ್ಲಿರಿ.

ರಾಜ್ಯದ ವಿಶ್ವವಿದ್ಯಾಲಯಗಳ ಪ್ರಕಟಣೆ ಪದವಿ ಫಲಿತಾಂಶದ ಆಸುಪಾಸಿನಲ್ಲಿ ಹೊರಡುತ್ತದೆ. 2010ರಲ್ಲಿ ಹುಟ್ಟಿದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ನಮ್ಮದು. ಅದರ ಸ್ನಾತಕೋತ್ತರ ಕೇಂದ್ರ ವಿಜಯಪುರದಲ್ಲೇ ಇದೆ. ಹೆಣ್ಣುಮಕ್ಕಳಿಗೆ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಿಂದ ಇದೆ. ಎಂಬಿಎ, ಎಂಸಿಎಗೆ ಕೆಇಎ ನಡೆಸುವ ಪಿಜಿಸಿಇಟಿ. ಇಂಜಿನಿಯರಿಂಗ್ ಮುಗಿಸಿದವರಿಗೆ ಗೇಟ್. ಪಿಎಚ್.ಡಿ.ಯ ಕನಸು ಇರುವವರಿಗೆ ವರ್ಷಕ್ಕೆ ಎರಡು ಸಲ ನಡೆಯುವ ನೆಟ್. 2024ರಿಂದ ಅದರ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು. ಯುಜಿಸಿ ನಡೆಸುವ ನೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ–ಸೆಟ್‌ನ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ ಎಂಬುದನ್ನು ನೆನಪಿಡಿ.

ಇನ್ನು ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ. ನಮ್ಮ ಕಡೆ ಅಪ್ಪನ ಹೆಸರು, ಮನೆತನದ ಹೆಸರು ಎರಡನ್ನೂ ಬರೆಯುವ ರೂಢಿ ಇರುವುದರಿಂದ ಈ ತೊಡಕು ಹೆಚ್ಚು. ಇವತ್ತು ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲಸ ಹೇಳುತ್ತೇನೆ: ಈ ಮೂರನ್ನೂ ಮಂಚದ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸ ಇದ್ದರೆ ಎಸ್ಸೆಸ್ಸೆಲ್ಸಿಯ ಪ್ರಕಾರ ಆಧಾರವನ್ನು ಈಗಲೇ ತಿದ್ದಿಸಿ. ತಾಲೂಕಿನ ಹೆಸರನ್ನೂ ಗಮನಿಸಿ. ಆಲಮೇಲ, ದೇವರ ಹಿಪ್ಪರಗಿ, ಚಡಚಣ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲೂಕುಗಳು. ಹಳೆಯ ದಾಖಲೆಗಳಲ್ಲಿ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಂದಿರುತ್ತದೆ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಆದರೆ ಹಿಂದುಳಿದ ವರ್ಗದ ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಊರಲ್ಲಿ ಮೀಸಲಾತಿ ಇದ್ದವರಿಗೆ ಐಐಟಿಯಲ್ಲಿ ಇರಲೇಬೇಕೆಂದಿಲ್ಲ. ಕೇಂದ್ರದ ಪಟ್ಟಿಯಲ್ಲಿ ಇದ್ದವರು ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಆಯಾ ವರ್ಷಕ್ಕೆ ಹೊಸದಾಗಿ ತೆಗೆಸಬೇಕು.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಗೇ ವಿಶೇಷವಾದದ್ದು. ಸಿಂದಗಿಯಿಂದ ಪೂರ್ವಕ್ಕೆ ಸ್ವಲ್ಪ ಹೋದರೆ ಕಲಬುರಗಿ ಜಿಲ್ಲೆ. ಅಲ್ಲಿಯವರಿಗೆ 371(ಜೆ) ಕಲಮಿನ ಮೀಸಲಾತಿ ಇದೆ, ಆ ಭಾಗದ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಅವರಿಗೆ. ನಮ್ಮದು ನಿಜಾಮರ ಸೀಮೆಯಲ್ಲ, ಮುಂಬೈ ಪ್ರಾಂತ. ಹಾಗಾಗಿ ವಿಜಯಪುರ ಜಿಲ್ಲೆ ಆ ಕಲಮಿಗೆ ಸೇರಿಲ್ಲ. ಅದೇ ಬಿಸಿಲು, ಅದೇ ಕರಿಭೂಮಿ, ಅದೇ ಬಡತನ. ಗೆರೆಯ ಈಚೆಗೆ ಇದ್ದವರಿಗೆ ಆ ಸೌಲಭ್ಯವಿಲ್ಲ. ಇದು ಅನ್ಯಾಯವೆಂದು ನನ್ನ ಅಭಿಪ್ರಾಯ, ಅದನ್ನು ಬೇರೆ ವೇದಿಕೆಯಲ್ಲಿ ಎತ್ತಬೇಕು. ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರು ಉಳಿದ ಸೀಟುಗಳಿಗೇ ಪೈಪೋಟಿ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಧಾರವಾಡಕ್ಕೂ ಬೆಳಗಾವಿಗೂ ಜೊತೆಗೇ ಹಾಕಬೇಕು.

ಮೂರನೆಯ ಭಾಗ ಬರವಣಿಗೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ, ಪಿಎಚ್.ಡಿ. ಸಂದರ್ಶನಗಳಲ್ಲಿ, ವಿದೇಶದ ಅರ್ಜಿಗಳಲ್ಲಿ ‘ಈ ವಿಷಯವನ್ನೇ ಯಾಕೆ ಓದಬೇಕೆನ್ನುತ್ತೀರಿ’ ಎಂದು ಕೇಳುತ್ತಾರೆ. ಒಬ್ಬ ವಿದ್ಯಾರ್ಥಿನಿ ನನಗೆ ತೋರಿಸಿದ ಮೊದಲ ಕರಡು ಹೀಗಿತ್ತು: ‘ನನಗೆ ಬಾಲ್ಯದಿಂದಲೂ ಅರ್ಥಶಾಸ್ತ್ರದಲ್ಲಿ ಅಪಾರ ಆಸಕ್ತಿ. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಓದಿ ದೇಶಸೇವೆ ಮಾಡಬೇಕೆಂಬುದು ನನ್ನ ಗುರಿ.’ ಇದನ್ನು ಯಾರು ಬೇಕಾದರೂ ಬರೆಯಬಹುದು. ನಾನು ಕಾಗದ ಬದಿಗಿಟ್ಟು, ‘ಮನೆಯಲ್ಲಿ ಯಾರ್ಯಾರು ಏನು ಮಾಡ್ತಾರವ್ವಾ?’ ಎಂದು ಕೇಳಿದೆ. ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ, ಮುಕಾದಮನ ಹತ್ತಿರ ಮುಂಗಡ ತಂದಿರುತ್ತಾರೆ, ಆ ಲೆಕ್ಕವನ್ನು ತಾನೇ ಒಂದು ವಹಿಯಲ್ಲಿ ಬರೆದಿಡುತ್ತೇನೆ ಎಂದಳು. ವರ್ಷ ಮುಗಿದರೂ ಮುಂಗಡ ಯಾಕೆ ತೀರುವುದಿಲ್ಲ ಎಂದು ತನಗೆ ತಿಳಿಯಬೇಕು ಎಂದಳು. ‘ಇದನ್ನ ಬರಿ’ ಎಂದೆ. ಎರಡನೆಯ ಕರಡು ಆ ವಹಿಯಿಂದ ಶುರುವಾಯಿತು: ಯಾವ ತಿಂಗಳು ಎಷ್ಟು ತಂದರು, ಟನ್ನಿಗೆ ಎಷ್ಟು ಮುರಿದುಕೊಂಡರು, ಕಾಯಿಲೆ ಬಿದ್ದ ದಿನಗಳ ಲೆಕ್ಕ ಎಲ್ಲಿ ಹೋಯಿತು. ಕೊನೆಗೆ, ಇದನ್ನು ಅರಿಯಲು ಶ್ರಮ ಮತ್ತು ಸಾಲದ ಅರ್ಥಶಾಸ್ತ್ರವನ್ನು ಕಲಿಯಬೇಕೆಂದಿದ್ದೇನೆ ಎಂದಿತ್ತು. ಆಸಕ್ತಿ ಎಂಬ ಪದ ಎಲ್ಲೂ ಇರಲಿಲ್ಲ. ಓದಿದವರಿಗೆ ಆಕೆಯ ಆಸಕ್ತಿ ಕಣ್ಣಿಗೆ ಕಟ್ಟುತ್ತಿತ್ತು.

ಬಡತನವನ್ನು ಕರುಣೆ ಗಿಟ್ಟಿಸಲು ಬರೆಯಬೇಡಿ ಎಂಬ ಎಚ್ಚರಿಕೆಯನ್ನೂ ಹೇಳುತ್ತೇನೆ. ಆಕೆ ಅಳಲು ತೋಡಿಕೊಳ್ಳಲಿಲ್ಲ. ಕಂಡದ್ದನ್ನು ಲೆಕ್ಕ ಇಟ್ಟು ಹೇಳಿದಳು. ಆಯ್ಕೆ ಮಾಡುವವರು ಹುಡುಕುವುದು ಹಾಗೆ ನೋಡುವ ಕಣ್ಣನ್ನು.

ಸಂಶೋಧನೆಗೆ ಹೋಗುವವರು ಶೋಧಗಂಗಾ ನೋಡಬೇಕು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ನೀವು ಎತ್ತಿಕೊಂಡ ವಿಷಯದ ಮೇಲೆ ಐದು ಪ್ರಬಂಧಗಳ ಮೊದಲ ಮತ್ತು ಕೊನೆಯ ಅಧ್ಯಾಯ ಓದಿದರೆ ಏನು ಆಗಿದೆ, ಏನು ಆಗಿಲ್ಲ ಎಂಬುದು ತಿಳಿಯುತ್ತದೆ. ಯಾರ ಕೈಕೆಳಗೆ ಕೆಲಸ ಮಾಡಬೇಕೆಂಬುದೂ ತಿಳಿಯುತ್ತದೆ. ಮಾರ್ಗದರ್ಶಕರನ್ನು ಹೆಸರು ಕೇಳಿ ಆರಿಸಬಾರದು, ಅವರ ವಿದ್ಯಾರ್ಥಿಗಳು ಬರೆದದ್ದನ್ನು ಓದಿ ಆರಿಸಬೇಕು. ‘ಇಷ್ಟು ಕೊಡಿ, ಸಿನಾಪ್ಸಿಸ್‌ನಿಂದ ವೈವಾದವರೆಗೆ ನಾವೇ ಮಾಡಿಸಿಕೊಡ್ತೀವಿ’ ಎನ್ನುವವರು ತಾಲೂಕು ಸ್ಥಳಗಳಿಗೂ ಬಂದಿದ್ದಾರೆ. ಅವರ ನೆರಳೂ ಸೋಕದಿರಲಿ. ದುಡ್ಡು ಹೋಗುವುದು ಸಣ್ಣ ನಷ್ಟ. ಹೆಸರು ಹೋದರೆ ಮರಳಿ ಬರುವುದಿಲ್ಲ.

ಇಲ್ಲಿ ಅಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹ. ಶಿಫಾರಸು ಪತ್ರ ಕೇಳಲು ಬಂದ ವಿದ್ಯಾರ್ಥಿಗೆ ‘ನಡತೆ ಉತ್ತಮ, ಶ್ರಮಜೀವಿ’ ಎಂದು ಎರಡು ಸಾಲು ಬರೆದು ಮೊಹರು ಒತ್ತುವುದು ನಮ್ಮಲ್ಲಿ ನಡೆದು ಬಂದಿದೆ. ಸ್ಪರ್ಧೆ ಇರುವ ಕಡೆ ಆ ಪತ್ರದಿಂದ ಉಪಯೋಗವಿಲ್ಲ. ಈ ಹುಡುಗ ಯಾವ ಪ್ರಯೋಗವನ್ನು ಸೋತ ಮೇಲೂ ಮತ್ತೆ ಮಾಡಿದ, ತರಗತಿಯಲ್ಲಿ ಯಾವ ಪ್ರಶ್ನೆ ಕೇಳಿದ ಎಂದು ಬರೆಯಬೇಕು. ಹಾಗೆ ಬರೆಯಲು ವಿದ್ಯಾರ್ಥಿಯನ್ನು ನಾವು ಬಲ್ಲವರಾಗಿರಬೇಕು. ಮಕ್ಕಳೇ, ನೀವೂ ಮೂರು ವಾರ ಮೊದಲೇ ಕೇಳಿ. ಅಂಕಪಟ್ಟಿ, ನಿಮ್ಮ ಕರಡು, ಕೊನೆಯ ದಿನಾಂಕ ಮೂರನ್ನೂ ಅವರ ಕೈಗೆ ಕೊಡಿ.

ಸಂದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ ಸರ್, ಆದರೆ ಹೀಗಿರಬಹುದು ಎಂದು ಊಹಿಸುತ್ತೇನೆ’ ಎನ್ನಿ. ಬೊಗಳೆ ಬಿಟ್ಟವರನ್ನು ಅವರು ಒಂದೇ ಮರುಪ್ರಶ್ನೆಯಲ್ಲಿ ಹಿಡಿಯುತ್ತಾರೆ.

ಕೊನೆಯ ಭಾಗ ಹಣ ಮತ್ತು ಮನೆ. ಇಂಡಿಯ ಹತ್ತಿರದ ಸಾಲೋಟಗಿಯಲ್ಲಿ ಒಂದು ಶಾಸನ ಸಿಕ್ಕಿದೆ. ಕಾಲ ಕ್ರಿ.ಶ. 945, ರಾಷ್ಟ್ರಕೂಟ ಮೂರನೇ ಕೃಷ್ಣನ ಆಳಿಕೆ. ಊರಿನ ಅಂದಿನ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ, ನಾನಾ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು ಎಂದು ಶಾಸನ ಹೇಳುತ್ತದೆ. ವಿದ್ಯಾರ್ಥಿಗಳು ಇರಲು 27 ಮನೆ. ದೀಪದ ಖರ್ಚಿಗೆ 12 ನಿವರ್ತನ ಭೂಮಿ. ಗುರುವಿಗೆ 50 ನಿವರ್ತನ. ಊರಿನ ಬ್ರಾಹ್ಮಣರ ಮನೆಗಳಲ್ಲಿ ಮದುವೆ, ಮುಂಜಿ ನಡೆದಾಗ ಶಾಲೆಗೆ ಇಂತಿಷ್ಟು ಹಣ ಸಲ್ಲಬೇಕು. ಅದು ಒಂದೇ ವರ್ಣದವರ ಶಾಲೆ. ನಿಮ್ಮಲ್ಲಿ ಬಹಳ ಮಂದಿಯ ಪೂರ್ವಜರಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಅದನ್ನು ಮರೆಯಬಾರದು. ಆದರೂ ಓದುವವನಿಗೆ ಏನೇನು ಬೇಕು ಎಂಬುದನ್ನು ಆ ಕಲ್ಲು ಕೊರೆಸಿದವರು ಚೆನ್ನಾಗಿ ಅರಿತಿದ್ದರು: ಇರಲು ಕೋಣೆ, ರಾತ್ರಿ ಬೆಳಕು, ಕಲಿಸುವವನಿಗೆ ನಿಶ್ಚಿಂತೆ.

ಇವತ್ತಿನ ಏರ್ಪಾಡುಗಳನ್ನು ಹೇಳುತ್ತೇನೆ. ನೆಟ್ ಮೂಲಕ ಜೆಆರ್‌ಎಫ್ ಪಡೆದ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ 12,400. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ. ರಾಜ್ಯದ ವಿದ್ಯಾರ್ಥಿವೇತನಕ್ಕೆಲ್ಲ ಎಸ್‌ಎಸ್‌ಪಿ ಪೋರ್ಟಲ್ಲು. ಬ್ಯಾಂಕ್ ಖಾತೆಗೆ ಆಧಾರ ಜೋಡಣೆ ಆಗಿರಲೇಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಶುಲ್ಕದ ಅಂಕಿ ಕಂಡ ಕೂಡಲೇ ಹಿಂಜರಿಯಬೇಡಿ, ನೆರವಿನ ಪುಟವನ್ನೂ ಓದಿ. ವಿದೇಶಕ್ಕೆ ಹೋಗುವ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಅಮೆರಿಕದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಅರ್ಜಿಗಳು ಹೆಚ್ಚಾಗಿ ಡಿಸೆಂಬರಿಗೇ ಮುಗಿಯುತ್ತವೆ. ಆಯ್ಕೆಯಾದವರಿಗೆ ಸಾಮಾನ್ಯವಾಗಿ ಶುಲ್ಕ ಮಾಫಿಯಾಗಿ ತಿಂಗಳ ವೇತನವೂ ಸಿಗುತ್ತದೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವೇ ಇಲ್ಲ, ಆದರೆ ಅಲ್ಲಿ ಇರುವ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. ಹೊಲ ಅಡವಿಟ್ಟು ಏಜೆಂಟರ ಕೈಗೆ ಹಣ ಕೊಡುವ ಮೊದಲು ಇಷ್ಟನ್ನಾದರೂ ತಿಳಿದುಕೊಳ್ಳಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಅಂಕ, ಆಸಕ್ತಿ ಎರಡರಲ್ಲೂ ಅವರು ಮುಂದೆ. ಆದರೆ ಡಿಗ್ರಿ ಮುಗಿದ ಬೇಸಿಗೆಯಲ್ಲೇ ಮನೆಯಲ್ಲಿ ಮದುವೆಯ ಮಾತು ಏಳುತ್ತದೆ. ‘ಅಷ್ಟ ದೂರ ಒಬ್ಬಾಕಿನ ಹ್ಯಾಂಗ ಕಳಿಸೋದು?’ ಎಂಬ ತಾಯಿಯ ಚಿಂತೆಯನ್ನು ಹಗುರವಾಗಿ ಕಾಣಲಾಗದು. ಆ ಮಾತಿಗೆ ಉತ್ತರ ವಾದದಿಂದ ಸಿಗುವುದಿಲ್ಲ. ಹಾಸ್ಟೆಲಿನ ವಾರ್ಡನ್ನರ ಹೆಸರು, ಅಲ್ಲಿ ಈಗಾಗಲೇ ಓದುತ್ತಿರುವ ಪಕ್ಕದೂರಿನ ಹುಡುಗಿಯ ಫೋನ್ ನಂಬರು, ಶುಲ್ಕದ ಚೀಟಿ ಇವು ಕೈಯಲ್ಲಿದ್ದರೆ ಅಪ್ಪ ಒಪ್ಪುವ ಸಾಧ್ಯತೆ ಹೆಚ್ಚು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿಗೆ ಹೆಣ್ಣುಮಕ್ಕಳಿಗೆ ದುಡ್ಡಿಲ್ಲ. ಧಾರವಾಡಕ್ಕೆ ಹೋಗಿ ವಿಭಾಗ ನೋಡಿ ಬರಲು ಅವ್ವನನ್ನೂ ಕರೆದುಕೊಂಡು ಹೋಗಿ. ವಿಭಾಗದ ಗ್ರಂಥಾಲಯದಲ್ಲಿ ನಿಮ್ಮಂಥ ಹುಡುಗಿಯರು ಕೂತು ಓದುವುದನ್ನು ಅವಳು ಕಣ್ಣಾರೆ ಕಾಣಲಿ.

ಸಭೆಯ ಹಿರಿಯರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಸಲಹೆ ಇದೆ. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಪ್ರವೇಶ ಪರೀಕ್ಷೆಯ ಶುಲ್ಕಕ್ಕೆ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚಿಗೆ ತೆಗೆದಿಡಿ. ಒಂದು ಅರ್ಜಿಯ ಶುಲ್ಕ ಹೊಂದಿಸಲಾಗದೆ ಕೈಬಿಟ್ಟ ಮಕ್ಕಳು ಈ ಸಭಾಂಗಣದಲ್ಲೇ ಇದ್ದಾರೆ. ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರನ್ನು ಆಗಸ್ಟಿನಿಂದ ಮಾರ್ಚಿನವರೆಗೆ ಈ ಕೆಲಸಕ್ಕೇ ಮೀಸಲಿಡಿ. ಗೋಡೆಗೆ ಒಂದು ಕ್ಯಾಲೆಂಡರು ಹಾಕಿ, ಅರ್ಜಿಗಳ ಕೊನೆಯ ದಿನಗಳನ್ನು ಕೆಂಪು ಶಾಯಿಯಲ್ಲಿ ಬರೆಸಿ. ಹೊರಗೆ ಓದಲು ಹೋದ ಈ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ದಸರಾ ರಜೆಗೆ ಊರಿಗೆ ಬಂದಾಗ ಒಂದು ಮಧ್ಯಾಹ್ನ ಅವರನ್ನು ಇಲ್ಲಿಗೆ ಕರೆಸಿ.

ಈ ಸಾಲಿನ ಜ್ಯಾಮ್ ಅರ್ಜಿಗೆ ಕೊನೆಯ ದಿನ ಇನ್ನೂ ಬಂದಿಲ್ಲ. ಮೂರನೇ ವರ್ಷದ ಬಿ.ಎಸ್ಸಿ.ಯವರು ವಂದನಾರ್ಪಣೆ ಆದ ಮೇಲೆ ಗ್ರಂಥಾಲಯಕ್ಕೆ ಬನ್ನಿ. ಫೋಟೊ, ಸಹಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊಬೈಲಿನಲ್ಲಿ ಇದ್ದವರ ಅರ್ಜಿಯನ್ನು ಇವತ್ತೇ ಕೂತು ತುಂಬೋಣ. ಇಲ್ಲದವರು ಏನು ತರಬೇಕೆಂದು ಬರೆದುಕೊಂಡು ಹೋಗಿ ಸೋಮವಾರ ತನ್ನಿ.